ಹಾಸನದಲ್ಲಿ ಮಧ್ಯಾಹ್ನ ಒಂದು ಗಂಟೆ: ಯಾವ ರಸ್ತೆಯಲ್ಲಿದ್ದರೆ ಯಾವ ಊಟ

"ಹಾಸನದಲ್ಲಿ ಊಟಕ್ಕೆ ಒಳ್ಳೆ ಹೋಟೆಲ್ ಯಾವುದು?" ಹೊರಗಿನಿಂದ ಬಂದ ಸ್ನೇಹಿತರು, ನೆಂಟರು ಎಲ್ಲರೂ ಕೇಳುವ ಪ್ರಶ್ನೆ ಇದು. ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ಈಗ ಎಲ್ಲಿದ್ದೀರಿ? ಗಂಟೆ ಎಷ್ಟು? ಇವೆರಡು ಗೊತ್ತಾಗದೆ ಈ ಊರಲ್ಲಿ ಊಟ ಹೇಳೋಕಾಗಲ್ಲ.

ಮೋಟಾರ್ ರಿವೈಂಡಿಂಗ್ ಅಂಗಡಿಗಳಿಗೆ ಬೇರಿಂಗ್, ಕೆಪಾಸಿಟರ್ ತಲುಪಿಸುವುದು ನನ್ನ ಕೆಲಸ. ದಿನವಿಡೀ ಸ್ಕೂಟರ್ ಮೇಲೆ. ಮಧ್ಯಾಹ್ನ ಮನೆಗೆ ಹೋಗಿ ಉಂಡು ಬರುವಷ್ಟು ಬಿಡುವು ಸಿಗೋದು ಅಪರೂಪ. ಹಾಗಾಗಿ ಎಲ್ಲಿ ಹಸಿವಾಯಿತೋ ಅಲ್ಲೇ ಊಟ. ಹೋಟೆಲ್ ಹೆಸರುಗಳ ಪಟ್ಟಿ ಇಲ್ಲಿ ಸಿಗುತ್ತದೆ ಅಂದುಕೊಂಡಿದ್ದರೆ ಕ್ಷಮಿಸಿ. ನಾನು ಉಣ್ಣುವ ಅರ್ಧ ಜಾಗಗಳಿಗೆ ಬೋರ್ಡೇ ಇಲ್ಲ. ಬೋರ್ಡ್ ಇರುವ ಕಡೆಯೂ ಅಡುಗೆಯವರು ಬದಲಾದರೆ ಬೋರ್ಡ್ ಮಾತ್ರ ಅದೇ ಉಳಿಯುತ್ತದೆ, ಸಾರು ಬೇರೆಯಾಗುತ್ತದೆ. ಅದಕ್ಕೆ ಏರಿಯಾ ಹಿಡಿದು ಹೇಳುತ್ತೇನೆ.

ಮೊದಲು ದಿಕ್ಕು ನೋಡಿಕೊಳ್ಳಿ

ಹಾಸನ ಎರಡು ಸೀಮೆಗಳ ನಡುವೆ ಕೂತ ಊರು. ಪೂರ್ವಕ್ಕೆ ಚನ್ನರಾಯಪಟ್ಟಣ, ಉತ್ತರಕ್ಕೆ ಅರಸೀಕೆರೆ. ಅದು ಬಯಲು. ರಾಗಿ, ಹುರುಳಿ, ಅವರೆ, ತೆಂಗು. ಪಶ್ಚಿಮಕ್ಕೆ ಆಲೂರು, ಸಕಲೇಶಪುರ. ಅಲ್ಲಿಂದ ಮಲೆನಾಡು. ಅಕ್ಕಿ, ಕಾಫಿ, ಮೆಣಸು. ಪೂರ್ವದವರಿಗೆ ಮಧ್ಯಾಹ್ನ ಮುದ್ದೆ ಇಲ್ಲದಿದ್ದರೆ ಉಂಡ ಹಾಗಾಗೋದಿಲ್ಲ. ಪಶ್ಚಿಮದವರಿಗೆ ಅಕ್ಕಿ ರೊಟ್ಟಿ, ಕಡುಬು, ಅನ್ನ ಬೇಕು. ಇಬ್ಬರೂ ಕೋರ್ಟು, ಆಸ್ಪತ್ರೆ, ಬಟ್ಟೆ ಅಂಗಡಿ ಅಂತ ಹಾಸನಕ್ಕೆ ಬರುತ್ತಾರೆ. ಯಾವ ಬಸ್ಸಿನವರು ಎಲ್ಲಿ ಇಳಿಯುತ್ತಾರೋ, ಎಲ್ಲಿ ಕೆಲಸ ಮುಗಿಸುತ್ತಾರೋ, ಅವರ ಊಟ ಅಲ್ಲೇ ಹುಟ್ಟಿಕೊಂಡಿದೆ. ಹೋಟೆಲ್ ಹುಡುಕುವ ಮೊದಲು ಆ ಬೀದಿಗೆ ಬರುವ ಜನ ಯಾರು ಅಂತ ಒಂದು ನಿಮಿಷ ನಿಂತು ನೋಡಿ. ಅರ್ಧ ಕೆಲಸ ಆದಂತೆ.

ಆಮೇಲೆ ಗಡಿಯಾರ

ಹನ್ನೆರಡೂವರೆಗೆ ಮುಂಚೆ ಹೋದರೆ ಸಾರು ಕುದಿಯುತ್ತಿರುತ್ತದೆ, ಮುದ್ದೆ ಆಗಿರೋದಿಲ್ಲ. ಒಂದೂವರೆಯಿಂದ ಎರಡೂಕಾಲು ಆಫೀಸಿನವರ ಹೊತ್ತು, ಕೂರಲು ಜಾಗ ಇಲ್ಲ. ಎರಡೂವರೆ ಆದ ಮೇಲೆ ಸಣ್ಣ ಹೋಟೆಲುಗಳಲ್ಲಿ ಪಲ್ಯ ಖಾಲಿ, ಸಾರಿನ ತಳ ಉಳಿದಿರುತ್ತದೆ. ಒಂದಕ್ಕೆ ಹತ್ತು ನಿಮಿಷ ಇರುವಾಗ ಹೋಗಿ ಕೂರುವುದು ನನ್ನ ಲೆಕ್ಕ. ಮುದ್ದೆಯ ಮೊದಲ ಒಬ್ಬೆ ಇಳಿಯುವ ಹೊತ್ತು ಅದು.

ಇದನ್ನು ಕಲಿತಿದ್ದು ಹೊಟ್ಟೆ ಕೆಡಿಸಿಕೊಂಡು. ಒಂದು ಸಲ ಮೂರೂವರೆಗೆ ಒಂದು ಕಡೆ ಕೂತೆ. ಸಪ್ಲೈಯರ್ ಒಳಗೆ ಹೋಗಿ ತಂದ ಸಾಂಬಾರಿನ ಮೇಲೆ ಸಣ್ಣ ನೊರೆ ಇತ್ತು. ಬಿಸಿ ಮಾಡಿದ್ದಕ್ಕೆ ನೊರೆ ಅಂದುಕೊಂಡು ಉಂಡೆ. ಮಾರನೆಯ ದಿನ ಸ್ಕೂಟರ್ ಮನೆಯಲ್ಲೇ ಇತ್ತು. ವರ್ಷಕ್ಕೊಮ್ಮೆ ಬಾಗಿಲು ತೆರೆಯುವ ಹಾಸನಾಂಬೆಯ ಗುಡಿಯಲ್ಲಿ ಹಿಂದಿನ ವರ್ಷ ಇಟ್ಟ ನೈವೇದ್ಯ ಹಳಸದೆ ಇರುತ್ತದೆ ಅನ್ನೋದು ನಮ್ಮೂರಿನ ನಂಬಿಕೆ. ಹೋಟೆಲ್ ಸಾಂಬಾರಿಗೆ ಆ ಮಹಿಮೆ ಇಲ್ಲ. ಮೂರು ಗಂಟೆ ದಾಟಿತಾ, ಊಟದ ಆಸೆ ಬಿಟ್ಟು ದೋಸೆ ಹೇಳಿ. ಹೆಂಚಿನ ಮೇಲೆ ಕಣ್ಣೆದುರೇ ಬೇಯುತ್ತದೆ.

ಹಳೇ ಬಸ್ ಸ್ಟ್ಯಾಂಡ್, ಕಟ್ಟಿನಕೆರೆ ಮಾರುಕಟ್ಟೆ ಸುತ್ತ: ಮುದ್ದೆಗೆ

ಒಂದೇ ಒಂದು ಮಧ್ಯಾಹ್ನ ಹಾಸನದಲ್ಲಿದ್ದೀರಿ ಅಂದರೆ ಇಲ್ಲಿಗೇ ಬನ್ನಿ. ಎನ್.ಆರ್. ವೃತ್ತ, ಗಾಂಧಿ ಬಜಾರ್, ಕಟ್ಟಿನಕೆರೆ ಮಾರುಕಟ್ಟೆಯ ಅಕ್ಕಪಕ್ಕದ ಸಣ್ಣ ಗಲ್ಲಿಗಳು. ಕಾರು ತರಬೇಡಿ, ನಿಲ್ಲಿಸುವ ಜಾಗ ಹುಡುಕುವಷ್ಟರಲ್ಲಿ ಪಲ್ಯ ಖಾಲಿಯಾಗಿರುತ್ತದೆ. ಹಳ್ಳಿಯಿಂದ ತರಕಾರಿ ತಂದವರು, ಮೂಟೆ ಹೊರುವವರು, ಅಂಗಡಿ ಹುಡುಗರು ಉಣ್ಣುವ ಜಾಗಗಳಿವು. ನಾಲ್ಕು ಬೆಂಚು, ಗೋಡೆಗೆ ಒಂದು ನಲ್ಲಿ, ಬಾಗಿಲ ಪಕ್ಕ ಗಲ್ಲಾ ಪೆಟ್ಟಿಗೆ. ಅಷ್ಟೇ.

ಹೊಸಬರು ಮಾಡುವ ತಪ್ಪು ಒಂದಿದೆ. "ಏನೇನಿದೆ?" ಅಂತ ಕೇಳುತ್ತಾರೆ. ಹಾಗೆ ಕೇಳಿದರೆ ಬಾಯಿಪಾಠದ ಪಟ್ಟಿ ಬರುತ್ತದೆ. ಅನ್ನ ಸಾಂಬಾರ್, ರೈಸ್ ಬಾತ್, ಚಪಾತಿ, ಎಗ್ ರೈಸ್. "ಅಕ್ಕ, ಇವತ್ತೇನು ಸಾರು?" ಅಂತ ಕೇಳಿ. ಆಗ ನಿಜ ಬರುತ್ತದೆ. ನಾನು ಹೋಗುವ ಒಂದು ಕಡೆ ಯಜಮಾನಮ್ಮನಿಗೆ ಅರವತ್ತರ ಮೇಲಾಗಿರಬೇಕು. ಹಾಗೆ ಕೇಳಿದರೆ ತಲೆ ಎತ್ತದೆ ಹೇಳುತ್ತಾರೆ: "ಬೆರಕೆ ಸೊಪ್ಪಿನ ಬಸ್ಸಾರು ಕಣಪ್ಪ. ಕೂತ್ಕೊ, ಹಿಟ್ಟು ಈಗ ಇಳಿಸ್ತೀನಿ."

ನಮ್ಮ ಕಡೆ ಮುದ್ದೆಗೆ ಹಿಟ್ಟು ಅಂತಲೇ ಹೇಳುವುದು. "ಹಿಟ್ಟು ಉಂಡ್ರಾ?" ಅಂದರೆ ಊಟ ಆಯ್ತಾ ಅಂತ. ಒಲೆ ಕಾಣುವ ಕಡೆ ಕೂತರೆ ಅದನ್ನು ಮಾಡುವುದನ್ನೂ ನೋಡಬಹುದು. ದೊಡ್ಡ ತಪ್ಪಲೆಯಲ್ಲಿ ಎಸರು ಕುದಿಯುತ್ತಿರುತ್ತದೆ. ರಾಗಿ ಹಿಟ್ಟನ್ನು ಗುಡ್ಡೆಯಾಗಿ ನಡುವೆ ಸುರಿದು, ಕೋಲಿನಿಂದ ಒಂದು ತೂತು ಮಾಡಿ ಬಿಡುತ್ತಾರೆ. ಆಗಲೇ ತಿರುವುವುದಿಲ್ಲ. ತಿರುವಿದರೆ ಗಂಟು. ತೂತಿನಿಂದ ನೀರು ಉಕ್ಕಿ ಹಿಟ್ಟಿನ ಮೇಲೆ ಹರಿದು, ಒಳಗೂ ಹೊರಗೂ ಬೇಯಬೇಕು. ಆಮೇಲೆ ತಪ್ಪಲೆ ಕೆಳಗಿಳಿಸಿ, ಅಲುಗದ ಹಾಗೆ ಕಾಲಿನಿಂದ ಒತ್ತಿಹಿಡಿದು, ಎರಡೂ ಕೈಯಲ್ಲಿ ಕೋಲು ಹಿಡಿದು ತೊಳಸುತ್ತಾರೆ. ಆ ಅಮ್ಮನ ಮೊಣಕೈ ಆಗ ನೋಡಬೇಕು. ಒದ್ದೆ ಮಾಡಿದ ಹಲಗೆ ಮೇಲೆ ಹಾಕಿ, ಕೈ ನೀರಿಗದ್ದಿ, ನಾಲ್ಕು ಸಲ ಹೊರಳಿಸಿದರೆ ಉಂಡೆ. ಸುಡುವ ಹಿಟ್ಟನ್ನು ಅವರು ಮುಟ್ಟುವುದು ನೋಡಿದರೆ ನಮ್ಮ ಅಂಗೈ ಉರಿಯುತ್ತದೆ.

ಒಳ್ಳೆಯ ಮುದ್ದೆಗೆ ಮೇಲೆ ಹೊಳಪಿರುತ್ತದೆ. ಮುರಿದರೆ ಒಳಗೆ ಬಿಳಿ ಚುಕ್ಕೆ, ಹಸಿ ಹಿಟ್ಟು ಕಾಣಬಾರದು. ಮೇಲ್ಭಾಗ ಒಣಗಿ ಸಿಪ್ಪೆ ಕಟ್ಟಿದ್ದರೆ ಅದು ಮೊದಲೇ ಮಾಡಿಟ್ಟದ್ದು. ಆಗ ಮುದ್ದೆ ಬೇಡ, ಅನ್ನ ಹಾಕಿ ಅನ್ನಿ. ಯಾರೂ ಬೇಜಾರು ಮಾಡಿಕೊಳ್ಳೋದಿಲ್ಲ.

ಇನ್ನು ಸಾರು. ಬಸ್ಸಾರು ಅಂದರೆ ಸೊಪ್ಪು, ಕಾಳು ಬೇಯಿಸಿ ಬಸಿದ ನೀರಿನ ಸಾರು. ಬಸಿದು ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟು ಪಲ್ಯ. ಒಂದೇ ಪಾತ್ರೆಯಿಂದ ಎರಡು ಅಡುಗೆ. ಮಸ್ಸೊಪ್ಪು ಅಂದರೆ ಬಸಿಯದೆ ಮಸೆದದ್ದು. ಉಪ್ಸಾರಿಗೆ ಬರೀ ಉಪ್ಪು ಹಾಕಿದ ಬಸಿದ ನೀರು, ಜೊತೆಗೆ ತಟ್ಟೆಯ ಅಂಚಿಗೆ ಖಾರ. ಆ ಖಾರವನ್ನು ಸ್ವಲ್ಪ ಸ್ವಲ್ಪ ಕಲಸಿಕೊಳ್ಳಬೇಕು. ಪೂರ್ತಿ ಕಲಸಿ ಆಮೇಲೆ ನೀರು ಕುಡಿಯುವವರನ್ನು ನೋಡಿದ್ದೇನೆ.

ಮುದ್ದೆಯನ್ನು ಅಗಿಯಬೇಡಿ. ಬೆಂಗಳೂರಿನಿಂದ ಬಂದ ನನ್ನ ತಂಗಿ ಮಗ ಚೂಯಿಂಗ್ ಗಮ್ ಹಾಗೆ ಅಗಿದ. ಹಲ್ಲಿಗೆಲ್ಲ ಮೆತ್ತಿಕೊಂಡು ಮುಖ ಮಾಡಿ ಕೂತ. ಎದುರಿಗಿದ್ದ ಹಮಾಲಿ ಅಣ್ಣ ನೋಡಿ ನಗುತ್ತಾ, "ಅಗೀಬ್ಯಾಡ ಮರಿ, ಸಾರಲ್ಲಿ ಅದ್ದಿ ನುಂಗು" ಅಂದರು. ಇಷ್ಟೇ ಪಾಠ. ಪಕ್ಕದಿಂದ ಚೂರು ಮುರಿಯಿರಿ, ಬೆರಳಲ್ಲಿ ಸ್ವಲ್ಪ ಗುಂಡಗೆ ಮಾಡಿ, ಸಾರಿನಲ್ಲಿ ಹೊರಳಿಸಿ, ನುಂಗಿ. ನಡುವಿನಿಂದ ಮುರಿದರೆ ಬೆರಳು ಸುಡುತ್ತದೆ.

ಡಿಸಿ ಆಫೀಸ್, ಕೋರ್ಟ್, ಮಹಾರಾಜ ಪಾರ್ಕ್ ಕಡೆ

ಇಲ್ಲಿ ಉಣ್ಣುವವರು ಎರಡು ಥರ. ಗುಮಾಸ್ತರು, ವಕೀಲರು ಡಬ್ಬಿ ತರುತ್ತಾರೆ ಇಲ್ಲವೇ ಗೊತ್ತಿರುವ ಹೋಟೆಲಿಗೆ ನೇರ ಹೋಗುತ್ತಾರೆ. ಕೈಯಲ್ಲಿ ಪಹಣಿ, ಪ್ಲಾಸ್ಟಿಕ್ ಕವರು ಹಿಡಿದುಕೊಂಡ ಹಳ್ಳಿಯವರು "ಸಾಹೇಬ್ರು ಊಟಕ್ಕೆ ಹೋಗಿದಾರೆ" ಅನ್ನುವ ಮಾತು ಕೇಳಿ ತಳ್ಳುಗಾಡಿ ಮುಂದೆ ನಿಲ್ಲುತ್ತಾರೆ. ನಿಮಗೂ ಕಚೇರಿ ಕೆಲಸ ಇದ್ದರೆ ಈ ಲೆಕ್ಕ ಇಟ್ಟುಕೊಳ್ಳಿ: ಸಾಹೇಬರು ಏಳುವ ಮೊದಲೇ, ಅಂದರೆ ಒಂದು ಗಂಟೆಗೆ, ನೀವು ಉಂಡು ಬನ್ನಿ. ಎರಡೂಕಾಲಿಗೆ ಅವರು ವಾಪಸ್ ಬಂದಾಗ ಸಾಲಿನಲ್ಲಿ ನೀವೇ ಮೊದಲು.

ಗಾಡಿಗಳಲ್ಲಿ ಚಿತ್ರಾನ್ನ, ಪುಳಿಯೋಗರೆ, ಮೊಸರನ್ನ, ಜೊತೆಗೆ ಒಂದು ಬೋಂಡ ಅಥವಾ ಮೆಣಸಿನಕಾಯಿ ಬಜ್ಜಿ. ಬಿಸಿ ಎಣ್ಣೆಯಿಂದ ಈಗ ತೆಗೆದ ಬೋಂಡ ಇದ್ದರೆ ಮಾತ್ರ ನಿಲ್ಲಿ. ಕೈಯಲ್ಲಿ ತಟ್ಟೆ ಹಿಡಿದು ಪಾರ್ಕಿನ ಮರದ ನೆರಳಿಗೆ ಹೋಗಬಹುದು, ಆದರೆ ಎಲೆ, ಪೇಪರ್ ಅಲ್ಲೇ ಬಿಟ್ಟು ಬರಬೇಡಿ.

ಆಲೂಗಡ್ಡೆ ಬೋಂಡಕ್ಕೆ ಹಾಸನದಲ್ಲಿ ಒಂದು ಹಕ್ಕಿದೆ. ಮುಂಗಾರು ಆಲೂಗಡ್ಡೆ ಬೆಳೆಗೆ ಹೆಸರಾದ ಜಿಲ್ಲೆ ನಮ್ಮದು. ಮೇ ತಿಂಗಳು ಬಂತೆಂದರೆ ಪಂಜಾಬಿನ ಜಲಂಧರ್‌ನಿಂದ ಬಿತ್ತನೆ ಗೆಡ್ಡೆ ತುಂಬಿದ ಲಾರಿಗಳು ಎಪಿಎಂಸಿಗೆ ಬರುತ್ತಿದ್ದ ಸಂಭ್ರಮವೇ ಬೇರೆ. ಅಂಗಮಾರಿ ರೋಗ ಬಿದ್ದು ಎಷ್ಟೋ ರೈತರು ಮುಸುಕಿನ ಜೋಳಕ್ಕೆ, ಶುಂಠಿಗೆ ತಿರುಗಿಕೊಂಡರು. ಆದರೂ ಹೊಸ ಗೆಡ್ಡೆ ಬರುವ ಆಗಸ್ಟ್, ಸೆಪ್ಟೆಂಬರಿನಲ್ಲಿ ಆಲೂಗಡ್ಡೆ ಪಲ್ಯ, ಸಾಗು ಸಿಕ್ಕರೆ ಬಿಡಬೇಡಿ. ಹೊಸ ಗೆಡ್ಡೆಯ ಸಿಪ್ಪೆ ಹೆಬ್ಬೆರಳಿಗೇ ಬರುತ್ತದೆ. ಬಾಯಲ್ಲಿ ಹಿಟ್ಟುಹಿಟ್ಟಾಗೋದಿಲ್ಲ.

ಬಿ.ಎಂ. ರಸ್ತೆ: ಹೊಸ ಬಸ್ ನಿಲ್ದಾಣ, ರೈಲ್ವೆ ಸ್ಟೇಷನ್

ಬೇಲೂರು, ಹಳೇಬೀಡು ನೋಡಲು ಬಂದವರು, ಮಂಗಳೂರು ಬಸ್ ಬದಲಿಸುವವರು ಇಲ್ಲೇ ಉಣ್ಣುವುದು. ದೊಡ್ಡ ಸಸ್ಯಾಹಾರಿ ಹೋಟೆಲುಗಳು, ಲಾಡ್ಜ್ ಕೆಳಗಿನ ರೆಸ್ಟೋರೆಂಟುಗಳು. ಚಪಾತಿ ಅಥವಾ ಪೂರಿ, ಪಲ್ಯ, ಸಾಗು, ಸಾಂಬಾರು, ತಿಳಿಸಾರು, ಮೊಸರು, ಹಪ್ಪಳ, ಒಂದು ಸಿಹಿ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಇದೇ ಸರಿ. ಕೈತೊಳೆಯುವ ಜಾಗ, ಶೌಚಾಲಯ ಚೊಕ್ಕಟ ಇರುತ್ತದೆ. ರುಚಿ? ಇಂಥ ಊಟ ತುಮಕೂರಲ್ಲೂ ಸಿಗುತ್ತದೆ, ಅಷ್ಟೇ ಹೇಳುತ್ತೇನೆ.

ಬಸ್ಸಿಗೆ ಅರ್ಧ ಗಂಟೆ ಮಾತ್ರ ಇದ್ದರೆ ಪೂರ್ತಿ ಊಟದ ಟೋಕನ್ ತೆಗೆದುಕೊಳ್ಳಬೇಡಿ. ಮಿನಿ ಊಟ ಅಥವಾ ಬಿಸಿಬೇಳೆ ಬಾತ್ ಸಾಕು. ಊಟದಲ್ಲಿ ಚಪಾತಿ ಬಂದು, ಅನ್ನ ಬರುವ ನಡುವೆಯೇ ಬಸ್ ಹೊರಡುತ್ತದೆ.

ಸಾಲಗಾಮೆ ರಸ್ತೆ

ಮಲ್ನಾಡ್ ಎಂಜಿನಿಯರಿಂಗ್ ಕಾಲೇಜು 1960ರಿಂದ ಈ ರಸ್ತೆಯಲ್ಲಿದೆ. ಹುಡುಗರು ಜಾಸ್ತಿ, ಜೇಬು ಸಣ್ಣದು, ಹಸಿವು ದೊಡ್ಡದು. ಹಾಗಾಗಿ ಮೆಸ್ಸುಗಳು. ತಿಂಗಳ ಲೆಕ್ಕದವರಿಗೆ ಮೊದಲು, ನಮ್ಮಂಥ ಒಂದು ದಿನದವರಿಗೆ ಆಮೇಲೆ. ಬಾಗಿಲಲ್ಲೇ "ಬಿಡಿ ಊಟ ಇದೆಯಾ?" ಅಂತ ಕೇಳಿಬಿಡಿ. ಪರೀಕ್ಷೆ ರಜೆಯಲ್ಲಿ ಅರ್ಧ ಮೆಸ್ಸು ಮುಚ್ಚಿರುತ್ತವೆ.

ಇದೇ ರಸ್ತೆಯಲ್ಲಿ ಮುಂದೆ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ, 1982ರಲ್ಲಿ ಶುರುವಾದದ್ದು. ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳನ್ನು ಇಲ್ಲಿಂದ ನೋಡಿಕೊಳ್ಳುತ್ತಾರೆ. ಕಾಲೇಜು, ಇಸ್ರೋ ಅಂತ ಬೇರೆ ಬೇರೆ ಕಡೆಯವರು ಬಂದು ಸೇರಿದ್ದರಿಂದಲೋ ಏನೋ, ಈ ರಸ್ತೆಯಲ್ಲಿ ರೊಟ್ಟಿ ದಾಲ್, ಆಂಧ್ರ ಊಟ, ಜೋಳದ ರೊಟ್ಟಿ ಖಾನಾವಳಿ ಊಟ ಹುಡುಕಿದರೆ ಸಿಗುತ್ತದೆ. ಮುದ್ದೆ ಬೇಜಾರಾದ ವಾರ ನಾನು ಈ ಕಡೆ ಬರುತ್ತೇನೆ.

ಪೆನ್ಷನ್ ಮೊಹಲ್ಲಾ

ಬಿರಿಯಾನಿಗೆ ಇಲ್ಲಿ ಬನ್ನಿ, ಅದರಲ್ಲೂ ಶುಕ್ರವಾರ. ಮಧ್ಯಾಹ್ನದ ನಮಾಜ್ ಮುಗಿದ ಕೂಡಲೇ ಜನ ಒಟ್ಟಿಗೆ ಬರುತ್ತಾರೆ. ಅದಕ್ಕೆ ಸ್ವಲ್ಪ ಮುಂಚೆ ಹೋದರೆ ಹಂಡೆ ತೆರೆಯುವ ಹೊತ್ತಿಗೆ ಎದುರಿಗಿರುತ್ತೀರಿ. ಮಾಂಸ ಬೇಡ, ಅಕ್ಕಿ ಸಾಕು ಅನ್ನುವವರು ಖುಷ್ಕಾ ಕೇಳಿ. ಹಂಡೆಯ ಮೇಲಿನ ಅನ್ನ ಬೆಳ್ಳಗೆ, ಕೆಳಗಿನದು ಮಸಾಲೆ ಹಿಡಿದು ಕೆಂಪಗೆ. "ಭಾಯ್, ಸ್ವಲ್ಪ ಕೆಳಗಿಂದ ಹಾಕಿ" ಅಂದರೆ ಹಾಕುತ್ತಾರೆ. ಇಷ್ಟೊಂದು ಸುಲಭದ ಮಾತನ್ನು ನಾನು ಎಷ್ಟೋ ವರ್ಷ ಕೇಳದೇ ಬಿಟ್ಟಿದ್ದೆ.

ದೊಡ್ಡಾಸ್ಪತ್ರೆ ಸುತ್ತ

ಇಲ್ಲಿ ರುಚಿಯ ಮಾತು ಬೇಡ. ರೋಗಿಯ ಜೊತೆ ಬಂದವರಿಗೆ ಬೇಗ ಸಿಗುವ, ಕಡಿಮೆ ಖರ್ಚಿನ, ಹೊಟ್ಟೆ ಕೆಡಿಸದ ಊಟ ಬೇಕು. ಇಡ್ಲಿ ಇಡೀ ದಿನ ಸಿಗುತ್ತದೆ. ಗಂಜಿ, ಖಾರ ಕಡಿಮೆಯ ತಿಳಿಸಾರು ಬೇಕೆಂದರೆ ರೋಗಿಗೆ ಅಂತ ಹೇಳಿ, ಕೆಲವರು ಬೇರೆ ಮಾಡಿಕೊಡುತ್ತಾರೆ. ಒಂದು ಸ್ಟೀಲ್ ಡಬ್ಬಿ ಮನೆಯಿಂದಲೇ ತನ್ನಿ. ಬಿಸಿ ಗಂಜಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಸಿಕೊಂಡು ಹೋಗುವುದನ್ನು ನೋಡಿದಾಗೆಲ್ಲ ನನಗೆ ಕಸಿವಿಸಿಯಾಗುತ್ತದೆ.

ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಇಂದಿರಾ ಕ್ಯಾಂಟೀನ್ ಎಲ್ಲಿ ಅಂತ ಆಟೋದವರನ್ನು ಕೇಳಿ. 2017ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ ಆಮೇಲೆ ಜಿಲ್ಲೆಗಳಿಗೂ ಬಂದ ಕ್ಯಾಂಟೀನ್ ಇದು. ಮಧ್ಯಾಹ್ನದ ಊಟಕ್ಕೆ 10 ರೂಪಾಯಿ. ತಟ್ಟೆಗಳ ಲೆಕ್ಕ ಇರುತ್ತದೆ, ತಡ ಮಾಡಿದರೆ ಸಿಗೋದಿಲ್ಲ.

ಸಕಲೇಶಪುರದ ಕಡೆ

ನಿಜ ಹೇಳಬೇಕೆಂದರೆ, ಮಲೆನಾಡಿನ ಊಟ ಹಾಸನದ ಹೋಟೆಲುಗಳಲ್ಲಿ ಅರ್ಧ ಮಾತ್ರ ಸಿಗುತ್ತದೆ. ಊರು ದಾಟಿ ಸಕಲೇಶಪುರದ ಕಡೆ, ಬೇಲೂರಿನ ಕಡೆ ಹೋದಂತೆ ಮುದ್ದೆ ಕಡಿಮೆಯಾಗಿ ಅಕ್ಕಿ ರೊಟ್ಟಿ ಜಾಸ್ತಿಯಾಗುತ್ತದೆ. ಸಾರಿನಲ್ಲಿ ಕಾಳುಮೆಣಸು ಮಾತಾಡಲು ಶುರು ಮಾಡುತ್ತದೆ. ಕಡುಬು, ಕೋಳಿ ಸಾರು ಒಟ್ಟಿಗೆ ಸಿಕ್ಕರೆ ಅದೃಷ್ಟ. ಕಡುಬು ಬಹಳ ಕಡೆ ಬೆಳಗ್ಗಿನ ತಿಂಡಿ, ಮಧ್ಯಾಹ್ನಕ್ಕೆ ಉಳಿಯೋದಿಲ್ಲ.

ಮಳೆಗಾಲದಲ್ಲಿ ಮಾತ್ರ ಈ ಕಡೆ ಬೇಕಂತಲೇ ಹೋಗುತ್ತೇನೆ. ಜೂನ್, ಜುಲೈನಲ್ಲಿ ಕಳಲೆ, ಆಮೇಲೆ ಅಣಬೆ, ಕೆಸುವಿನ ಸೊಪ್ಪು, ಗದ್ದೆ ಏಡಿ. ಕಳಲೆ ಅಂದರೆ ಎಳೆ ಬಿದಿರು. ಹೆಚ್ಚಿ ಎರಡು ಮೂರು ದಿನ ನೀರಿನಲ್ಲಿಟ್ಟು, ದಿನಾ ನೀರು ಬದಲಿಸಿ, ಆಮೇಲೆ ಬೇಯಿಸಬೇಕು. ಹಸಿಯಾಗಿ ತಿಂದರೆ ವಿಷ. "ಎಷ್ಟು ದಿನ ನೀರಲ್ಲಿಟ್ಟಿದ್ರಿ?" ಅಂತ ಕೇಳಲು ನಾಚಿಕೆ ಬೇಡ. ಮಾಡಲು ಗೊತ್ತಿರುವವರು ಖುಷಿಯಿಂದ ಹೇಳುತ್ತಾರೆ. ಕೇಳಿದ್ದಕ್ಕೆ ಮುಖ ಗಂಟಿಕ್ಕಿದರೆ ಎದ್ದು ಬನ್ನಿ.

ದಿನ, ತಿಂಗಳು ನೋಡಿ

ಮಿಲಿಟರಿ ಹೋಟೆಲಿಗೆ ಭಾನುವಾರ ಒಳ್ಳೆಯದು. ಕುರಿ ಹೊಸದು, ಜನ ಜಾಸ್ತಿ, ಸಾರು ಉಳಿಯೋದಿಲ್ಲ. ಸೋಮವಾರ, ಶನಿವಾರ ಬಹಳ ಮನೆಗಳಲ್ಲಿ ಮಾಂಸ ತಿನ್ನೋದಿಲ್ಲ, ಆ ದಿನ ನಾನೂ ಹೋಗೋದಿಲ್ಲ. ಭಕ್ತಿ ಅಂತಲ್ಲ, ವ್ಯಾಪಾರ ಕಡಿಮೆ ಇರುವ ದಿನ ನಿನ್ನೆಯದ್ದು ಬಂದೀತು ಅನ್ನುವ ಅನುಮಾನ. ಶ್ರಾವಣದಲ್ಲೂ ಇದೇ ಕಥೆ. ಯುಗಾದಿ ಮಾರನೆಯ ದಿನ, ಹೊಸತೊಡಕಿಗೆ, ಯಾವ ಮಿಲಿಟರಿ ಹೋಟೆಲಿಗೂ ಹೋಗಬೇಡಿ. ಅವತ್ತು ಯಾರಾದರೂ ನೆಂಟರ ಮನೆ ಹಿಡಿಯಿರಿ.

ಡಿಸೆಂಬರ್, ಜನವರಿ ಅವರೆಕಾಯಿ ಕಾಲ. ಹಿತಕಿದ ಬೇಳೆ ಸಾರಿಗೆ ಕಾಳು ಬಿಡಿಸಲು, ನೆನೆಸಲು, ಹಿಸುಕಲು ಕೈಕೆಲಸ ಜಾಸ್ತಿ. ದೊಡ್ಡ ಹೋಟೆಲಿನವರು ತಲೆ ಕೆಡಿಸಿಕೊಳ್ಳೋದಿಲ್ಲ. ಹಳೇ ಬಸ್ ಸ್ಟ್ಯಾಂಡ್ ಕಡೆಯ ಸಣ್ಣ ಹೋಟೆಲಿನಲ್ಲಿ ಸಿಕ್ಕರೆ ಮುದ್ದೆ ಇನ್ನೊಂದು ಹೇಳಿ.

ಹಾಸನಾಂಬೆ ದೇವಸ್ಥಾನದ ಬಾಗಿಲು ವರ್ಷಕ್ಕೊಮ್ಮೆ, ಆಶ್ವಯುಜ ಹುಣ್ಣಿಮೆಯ ನಂತರದ ಮೊದಲ ಗುರುವಾರ ತೆರೆಯುತ್ತದೆ. ದೀಪಾವಳಿಯ ಬಲಿಪಾಡ್ಯಮಿ ಮುಗಿದ ಮೇಲೆ ಮುಚ್ಚುತ್ತದೆ. ಆ ದಿನಗಳಲ್ಲಿ ದೇವಸ್ಥಾನದ ಸುತ್ತ, ಹಳೇ ಬಸ್ ಸ್ಟ್ಯಾಂಡ್ ತನಕ ಕಾಲಿಡಲು ಜಾಗ ಇರೋದಿಲ್ಲ. ದರ್ಶನದ ಸಾಲಿಗೆ ನಿಲ್ಲುವ ಮೊದಲೇ ಹೊಟ್ಟೆ ತುಂಬಿಸಿಕೊಳ್ಳಿ. ಹೊರಬಂದಾಗ ಮೂರು ಗಂಟೆಯೋ ಆರು ಗಂಟೆಯೋ ಯಾರಿಗೆ ಗೊತ್ತು. ದರ್ಶನ ಮುಗಿಸಿ ಉಣ್ಣುವುದಾದರೆ ಅಲ್ಲೇ ಹುಡುಕದೆ ಸಾಲಗಾಮೆ ರಸ್ತೆ ಕಡೆ ಆಟೋ ಹಿಡಿಯಿರಿ.

ಪಾರ್ಸಲ್ ಬಗ್ಗೆ ಒಂದು ಮಾತು

ಬಿರಿಯಾನಿ ಕಟ್ಟಿಸಬಹುದು, ಪುಳಿಯೋಗರೆ ಕಟ್ಟಿಸಬಹುದು. ಮುದ್ದೆ ಕಟ್ಟಿಸಬೇಡಿ. ಕವರಿನೊಳಗೆ ಬೆವರಿ, ಮನೆಗೆ ಹೋಗುವಷ್ಟರಲ್ಲಿ ಕ್ರಿಕೆಟ್ ಚೆಂಡಾಗಿರುತ್ತದೆ. ಆ ಯಜಮಾನಮ್ಮನ ಹತ್ತಿರ ಒಮ್ಮೆ ಕೇಳಿದ್ದೆ. ಕೋಲು ತೊಳೆಯುತ್ತಿದ್ದವರು ನಿಲ್ಲಿಸಿ ನೋಡಿದರು. "ಸಾರು ಎಷ್ಟು ಬೇಕಾದ್ರೂ ತಗೊಂಡೋಗು. ಹಿಟ್ಟು ಮನೇಲಿ ತಿರುವಿಸ್ಕೊ" ಅಂದರು. ಡಬ್ಬಿ ತಂದಿದ್ದೆಯಾ ಅಂತಲೂ ಕೇಳಿದರು. ತಂದಿರಲಿಲ್ಲ.